ಎರೆಹೊಲದ ಮೆಟ್ಟಡೆ, ಮಸಾರಿಯ ಲೆಗ್ಗಡೆ

ನಮ್ಮ ಕಡೆ ಮಣ್ಣು ನೋಡಿ ಅದರೊಳಗಿನ ಇಲಿ ಯಾವುದೆಂದು ಹೇಳುವವರಿದ್ದರು. ದೇವರಗುಡ್ಡದ ಮಾಲತೇಶನ ಗುಡಿಯಿಂದ ಕೆಳಗಿಳಿದು ಹೊಲಗಳ ನಡುವೆ ನಡೆದರೆ ಸ್ವಲ್ಪ ದೂರದಲ್ಲೇ ಮಣ್ಣು ಬದಲಾಗುತ್ತದೆ. ಗುಡ್ಡದ ಇಳಿಜಾರು ಹರಳು ಬೆರೆತ ಕೆಂಪು ಮಸಾರಿ. ತಗ್ಗಿಗೆ ಬಂದಂತೆ ಎರೆ. ಸುಗ್ಗಿ ಮುಗಿದು ಬಿಸಿಲು ಏರಿತೆಂದರೆ ಎರೆಹೊಲ ಬಾಯಿ ಬಿಡುತ್ತದೆ. ಆ ಬಿರುಕಿನಲ್ಲಿ ಕುಡಗೋಲು ಬಿದ್ದರೆ ಮಳೆಗಾಲದ ತನಕ ಅದರ ಆಸೆ ಬಿಡಬೇಕು.

ನಮ್ಮಪ್ಪನಿಗೆ ಎರಡೂ ನಮೂನೆಯ ಹೊಲ ಇತ್ತು. ಜೋಳ ಕಿತ್ತ ಮೇಲೆ ವಡ್ಡರ ಓಣಿಯಿಂದ ಒಬ್ಬ ಹಿರಿಯರು ಹಾರೆ, ಗುದ್ದಲಿ ಹಿಡಿದು ಬರುತ್ತಿದ್ದರು. ಇಂದು ಆ ಸಮಾಜದವರು ತಮ್ಮನ್ನು ಭೋವಿ ಎಂದು ಕರೆದುಕೊಳ್ಳುತ್ತಾರೆ. ಆಗ ಊರ ಬಾಯಲ್ಲೂ ಸರಕಾರದ ಕಾಗದದಲ್ಲೂ ವಡ್ಡರು ಎಂದೇ ಇತ್ತು. ಅವರು ಬಂದವರೇ ಅಗೆಯಲು ಶುರು ಮಾಡುತ್ತಿರಲಿಲ್ಲ. ಬಿಲದ ಮುಂದೆ ಕುಕ್ಕರಗಾಲಲ್ಲಿ ಕೂತು, ಹೊರಬಿದ್ದ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿ, ಒಡ್ಡಿನ ಈ ಕಡೆ ಆ ಕಡೆ ಹೋಗಿ ಬಂದು ಹೇಳುತ್ತಿದ್ದರು: “ಗೌಡ್ರ, ಇದರಾಗ ಕಾಳ ಅದಾವ, ಇದನ್ನ ಅಗೀತೀನಿ. ಆ ಕಡೀದ ಬಿಡ್ರಿ, ಅದರಾಗ ಏನೂ ಸಿಗಂಗಿಲ್ಲ.” ಅಗೆದರೆ ಕಾಳು ಇರುತ್ತಿತ್ತು. ನಾನು ಮುಂದೆ ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ, ರಾಣೆಬೆನ್ನೂರಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತ ವಯಸ್ಸಾದವಳು. ಹೊರಗಿನ ಗುರುತಿನಿಂದ ಒಳಗಿನ ಜೀವಿಯನ್ನು ಹೇಳುವ ಆ ವಿದ್ಯೆಯನ್ನು ಕಾಲೇಜಿಗೆ ಹೋಗುವ ಮೊದಲೇ ಆ ಒಡ್ಡಿನ ಮೇಲೆ ನೋಡಿದ್ದೆ. ಅದಕ್ಕೊಂದು ಚರಿತ್ರೆ ಇದೆ ಎಂದು ತಿಳಿದದ್ದು ಬಹಳ ತಡವಾಗಿ.

ಆ ವಿದ್ಯೆ ಅಚ್ಚಿಗೆ ಬಂದದ್ದು 1839ರಲ್ಲಿ, ಮದರಾಸಿನ ಸಾಹಿತ್ಯ ಮತ್ತು ವಿಜ್ಞಾನದ ಪತ್ರಿಕೆಯೊಂದರಲ್ಲಿ. ಬರೆದವನು ವಾಲ್ಟರ್ ಎಲಿಯಟ್. ದಕ್ಷಿಣ ಮರಾಠಾ ದೇಶದ ಸಸ್ತನಿಗಳ ಪಟ್ಟಿ, ಅಲ್ಲಿ ಬಳಕೆಯಲ್ಲಿರುವ ಭಾಷೆಗಳ ಹೆಸರುಗಳ ಸಮೇತ ಎಂಬುದು ಅದರ ತಲೆಬರಹ. ದಕ್ಷಿಣ ಮರಾಠಾ ದೇಶವೆಂದರೆ ಬೇರೆ ಯಾವುದೋ ಸೀಮೆಯಲ್ಲ, ನಮ್ಮ ಧಾರವಾಡ ಸೀಮೆಯೇ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ ಕಂಪನಿ ಸರಕಾರ ಈ ಕನ್ನಡ ನೆಲಕ್ಕೆ ಇಟ್ಟುಕೊಂಡ ಹೆಸರು ಅದು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಲ್ಲವೂ ಧಾರವಾಡಕ್ಕೆ ಸೇರಿದ್ದವು. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ಎಲಿಯಟ್ ಹುಟ್ಟಿದ್ದು 1803ರಲ್ಲಿ, ಮದರಾಸಿಗೆ ಬಂದದ್ದು 1821ರಲ್ಲಿ. ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕೈಕೆಳಗೆ ಕೆಲಸ. ಎಲಿಯಟ್‌ನ ಹೆಸರು ಕನ್ನಡಿಗರಿಗೆ ಗೊತ್ತಿದ್ದರೆ ಅದು ಕಿತ್ತೂರಿನಿಂದ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಸತ್ತಾಗ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬ ಎಲಿಯಟ್, ಇನ್ನೊಬ್ಬ ಸ್ಟೀವನ್ಸನ್. ಇಪ್ಪತ್ತೊಂದು ವರ್ಷದ ಹುಡುಗ. ಚೆನ್ನಮ್ಮನ ಕಡೆಯವರು ಅವನ ಕೂದಲು ಕೊಂಕಿಸಲಿಲ್ಲ, ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಸೆರೆಯಿಂದ ಬಂದವನು ಈ ನಾಡನ್ನು ಬಿಟ್ಟು ಓಡಲಿಲ್ಲ. 1833ರ ತನಕ ಇಲ್ಲೇ ಇದ್ದು, ಊರೂರು ತಿರುಗಿ ಸುಮಾರು 600 ಶಾಸನಗಳನ್ನು ನಕಲು ಮಾಡಿಸಿದ. ಕನ್ನಡ ನಾಡಿನ ಚಾಲುಕ್ಯರ ಚರಿತ್ರೆಯನ್ನು ಕಟ್ಟಲು ಹೊರಟವರೆಲ್ಲ ಆ ಸಂಗ್ರಹದ ಋಣದಲ್ಲಿದ್ದಾರೆ. ಶಾಸನ ಹುಡುಕುವವರು ಅವನ ಪ್ರಾಣಿಗಳ ಪಟ್ಟಿ ಓದುವುದಿಲ್ಲ, ಪ್ರಾಣಿಗಳನ್ನು ಓದುವವರು ಅವನ ಶಾಸನ ನೋಡುವುದಿಲ್ಲ. ಎರಡೂ ಒಂದೇ ಸವಾರಿಯಲ್ಲಿ ಆದ ಕೆಲಸ.

ಆ ಪಟ್ಟಿಯಲ್ಲಿ ನಮ್ಮ ತೋಳ ಇದೆ, ಕಿರುಬ ಇದೆ, ಕೆಂಪು ನರಿ ಇದೆ. ಚಿಗರಿಯ ಬಗ್ಗೆ ಬರೆದದ್ದನ್ನು ಇಂದೂ ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಕೂತು ತಾಳೆ ನೋಡಬಹುದು. 1974ರಲ್ಲಿ ಚಿಗರಿಗಳಿಗಾಗಿಯೇ ಕಾಯ್ದಿಟ್ಟ ಆ 119 ಚದರ ಕಿಲೋಮೀಟರಿನಲ್ಲಿ ಗಂಡು ಚಿಗರಿ ಒಂದು ಹೆಣ್ಣನ್ನು ಹಿಂಡಿನಿಂದ ಬೇರೆ ಮಾಡಿ, ಅದು ಮರಳಿ ಸೇರದಂತೆ ಅಡ್ಡಗಟ್ಟುತ್ತ ಓಡಾಡುವುದು ಅವನು ಬರೆದಂತೆಯೇ ನಡೆಯುತ್ತದೆ. ಆದರೆ ಚಿಗರಿ, ತೋಳಗಳನ್ನು ಬೇಟೆಗಾರ ಸಾಹೇಬರೆಲ್ಲ ಬರೆದರು. ಎಲಿಯಟ್‌ನ ಬರಹ ಬೇರೆಯವರದ್ದಕ್ಕಿಂತ ಬೆಲೆಬಾಳುವುದು ಇಲಿಗಳ ಭಾಗದಲ್ಲಿ. ಅಲ್ಲಿ ಅವನ ಗುರುಗಳು ವಡ್ಡರು.

ಅವರು ಅವನಿಗೆ ಇಲಿಗಳನ್ನು ಬೇರೆ ಬೇರೆಯಾಗಿ ತೋರಿಸಿದರು: ಕೊಕ್ಕು, ಮೆಟ್ಟಡೆ, ಲೆಗ್ಗಡೆ, ಗುಲಂದಿ. ಈ ಹೆಸರುಗಳಲ್ಲಿ ಕೆಲವು ಕನ್ನಡದವು, ಕೆಲವು ವಡ್ಡರ ಮನೆಮಾತಿನವು. ಅವರ ಮನೆಮಾತು ತೆಲುಗಿಗೆ ಹತ್ತಿರ. ಎಲಿಯಟ್ ಯಾವುದು ಯಾರ ಮಾತೆಂದು ಗುರುತು ಹಾಕಿಕೊಂಡೇ ಬರೆದಿದ್ದಾನೆ.

ಕೊಕ್ಕಿನಿಂದ ಶುರು ಮಾಡುತ್ತೇನೆ, ಏಕೆಂದರೆ ನಮ್ಮ ಓಣಿಯ ಹಿರಿಯರು “ಕಾಳ ಅದಾವ” ಎಂದು ತೋರಿಸುತ್ತಿದ್ದದ್ದು ಇದರ ಬಿಲವನ್ನೇ. ಚೆನ್ನಾಗಿ ಬೆಳೆಯುವ ಎರೆ ಬಯಲು, ಹತ್ತಿ ಹೊಲ ಇದರ ಊರು. ಸುಗ್ಗಿಯಲ್ಲಿ ಕಾಳನ್ನು ಬಿಲಕ್ಕೆ ಸಾಗಿಸಿ ಕೂಡಿಡುತ್ತದೆ. ಒಂದೊಂದು ಬಿಲದಲ್ಲಿ ಅರ್ಧ ಸೇರಿನಷ್ಟು ಕಾಳು, ಇಡೀ ಜೋಳದ ತೆನೆ ಕೂಡ ಸಿಗುತ್ತದೆಂದೂ, ಸುಗ್ಗಿಯ ಕಾಲದಲ್ಲಿ ವಡ್ಡರು ಬಹುಪಾಲು ಇದರ ಮೇಲೆಯೇ ಹೊಟ್ಟೆ ಹೊರೆಯುತ್ತಾರೆಂದೂ ಎಲಿಯಟ್ ಬರೆದ. ದೊಡ್ಡ ಮಳೆಗೆ ಬಿಲದಲ್ಲಿ ನೀರು ನುಗ್ಗಿದರೆ ಕೊಕ್ಕು ಸಂಸಾರ ಬಿಟ್ಟು ಬೇರೆ ಕಡೆ ಹೋಗುತ್ತದೆ. 1833ರ ಆಗಸ್ಟಿನಲ್ಲಿ ಅಂಥ ಒಂದು ಬಿಲವನ್ನು ಅಗೆದು ನೋಡಿದ್ದಾನೆ: ಹಳೆಯದು ಸಮನೆಲದಲ್ಲಿತ್ತು, ಹೊಸದನ್ನು ಪಕ್ಕದ ಮಣ್ಣುದಿಬ್ಬದ ಇಳಿಜಾರಿನಲ್ಲಿ ತೋಡಿಕೊಂಡಿತ್ತು. ಬಾಯಿಗೆ ಮಣ್ಣಿನ ಗುಪ್ಪೆ. ಒಳಗೆ ಬೇರುನಾರು ಹಾಸಿದ ದುಂಡನೆಯ ಗೂಡು. ಮಸಾರಿಯಲ್ಲಿರುವ ಕೊಕ್ಕಿನ ಮೈ ಎರೆಯದಕ್ಕಿಂತ ಕೆಂಪು ಎಂಬುದನ್ನೂ ಅವನು ಬಿಟ್ಟಿಲ್ಲ. ಎರಡೂ ಮಣ್ಣಿನಲ್ಲಿ ಅಗೆದವರ ಜೊತೆ ನಿಂತವನಿಗೆ ಮಾತ್ರ ಕಾಣುವ ವ್ಯತ್ಯಾಸ ಅದು.

ಲೆಗ್ಗಡೆ ಚಿಕ್ಕದು, ಇಲಿಗಿಂತ ಸುಂಡಿಲಿ ಅನ್ನಬೇಕು. ಬೆನ್ನ ಮೇಲಿನ ಕೂದಲು ಚಪ್ಪಟೆ, ಮುಳ್ಳಿನಂತೆ ಬಿರುಸು. ಎರೆಯಲ್ಲಿ ಇದನ್ನು ಹುಡುಕಬೇಡಿ. ಹರಳು ಬೆರೆತ ಕೆಂಪು ನೆಲದಲ್ಲಿ, ಒಡ್ಡಿನ ಬದಿಯಲ್ಲಿ ಇದರ ಬಿಲ. ಒಳಗೆ ಹೋದ ಮೇಲೆ ಸಣ್ಣ ಸಣ್ಣ ಹರಳುಗಳಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ. ಹೊರಗೂ ಹರಳಿನ ರಾಶಿ ಬಿದ್ದಿರುತ್ತದೆ, ಅದರಿಂದಲೇ ಬಿಲ ಗುರುತು ಸಿಗುತ್ತದೆ. ಒಳಗಿನ ಕೋಣೆಯಲ್ಲಿ ಕೂಡ ಹರಳಿನದೇ ಹಾಸಿಗೆ. ವಡ್ಡರು ಇದಕ್ಕೆ ಕಲ್ಲಿಲಿ ಎಂಬರ್ಥದ ಇನ್ನೊಂದು ಹೆಸರನ್ನೂ ಇಟ್ಟಿದ್ದರು. ಕಲ್ಲು ಒಡೆದು ಬದುಕುವ ಜನ ಹರಳು ಕೂಡಿಸುವ ಜೀವಿಯನ್ನು ಗಮನಿಸದೆ ಇರುವುದುಂಟೇ? ದೇವರಗುಡ್ಡದ ಇಳಿಜಾರಿನಲ್ಲಿ ಮಳೆಗಾಲ ಮುಗಿದ ಮೇಲೆ ಇಂಥ ಹರಳು ಹಾಕಿದ ಬಾಗಿಲುಗಳನ್ನು ನಾನೂ ನೋಡಿದ್ದೇನೆ. ದಸರೆಗೆ ಬಂದ ಜನ ಅವುಗಳ ಮೇಲೆಯೇ ಕಾಲಿಟ್ಟು ಗುಡಿಗೆ ಹೋಗುತ್ತಿರುತ್ತಾರೆ.

ಗುಲಂದಿ ಹೊಲದ ಇಲಿಯೇ ಅಲ್ಲ. ಮುಳ್ಳುಪೊದೆ ಅದರ ಮನೆ. ಒಣಹುಲ್ಲಿನ ನಾರನ್ನು ಒತ್ತಾಗಿ ಹೆಣೆದು ದುಂಡು ಗೂಡು ಮಾಡಿ ಒಳಗೆ ಮುದುಡಿ ಮಲಗುತ್ತದೆ. ಪೊದೆಯ ಸುತ್ತ, ಪೊದೆಯ ನಡುವೆ ಅದು ದಿನಾ ಓಡಾಡಿ ಸವೆದ ಕಿರಿದಾದ ಹಾದಿಗಳಿರುತ್ತವೆ ಎಂದು ಎಲಿಯಟ್ ಬರೆದಿದ್ದಾನೆ. ನಡೆ ನಿಧಾನ.

ಇನ್ನು ಮೆಟ್ಟಡೆ. ಈ ಭಾಗವನ್ನು ಓದುವಾಗ ನನಗೆ ನಮ್ಮ ರೈತರ ಚರಿತ್ರೆಯ ಒಂದು ಹರಿದ ಹಾಳೆ ಸಿಕ್ಕಂತಾಯಿತು. ಮೆತ್ತನೆ ಕೂದಲಿನ, ನಡುಗಾತ್ರದ ಇಲಿ ಇದು. ಜೋಡಿಯಾಗಿ, ಇಲ್ಲವೆ ಐದಾರು ಕೂಡಿ ಬೆಳೆಹೊಲದಲ್ಲೇ ಇರುತ್ತದೆ. ಬಿಲ ತೋಡುವ ಶ್ರಮ ತೆಗೆದುಕೊಳ್ಳುವುದಿಲ್ಲ. ಪೊದೆಯ ಬುಡದಲ್ಲಿ ಒಂದಿಷ್ಟು ಕೆದರಿಕೊಂಡರೆ ಆಯಿತು, ಹೊಲದಿಂದ ಆಯ್ದು ಹಾಕಿದ ಕಲ್ಲುಗುಪ್ಪೆಯಾದರೂ ಆಯಿತು, ಕೊಕ್ಕು ಬಿಟ್ಟುಹೋದ ಹಳೆ ಬಿಲವಾದರೂ ಆಯಿತು. ಬೇಸಿಗೆಯಲ್ಲಂತೂ ಎರೆಯ ಬಿರುಕೇ ಅದರ ಮನೆ. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದಾಗ ಬಿರುಕುಗಳು ಕುಸಿದು ಮುಚ್ಚಿಕೊಳ್ಳುತ್ತವೆ. ಒಳಗಿದ್ದ ಮೆಟ್ಟಡೆಗಳು ಲೆಕ್ಕವಿಲ್ಲದಷ್ಟು ಸಾಯುತ್ತವೆ. ವರ್ಷ ವರ್ಷವೂ ಹೀಗೆ ನಡೆದು ಅವುಗಳ ಸಂಖ್ಯೆ ಹತೋಟಿಯಲ್ಲಿರುತ್ತದೆ.

1826ರಲ್ಲಿ ಮುಂಗಾರಿನ ಆರಂಭದ ಮಳೆ ಸರಿಯಾಗಿ ಬೀಳಲಿಲ್ಲ. ಮೆಟ್ಟಡೆ ಮಿತಿಮೀರಿ ಹೆಚ್ಚಿತು. ಬಿತ್ತಿದ ಬೀಜವನ್ನು ಬಿತ್ತಿದ ಹಾಗೆಯೇ ತಿಂದು ಹಾಕಿದವು. ಉಳಿದು ಬೆಳೆದ ಜೋಳ ತೆನೆ ಕಟ್ಟಿದಾಗ ದಂಟು ಹತ್ತಿ, ತೆನೆಯನ್ನು ಕಡಿದು ಕೆಳಗೆ ಬೀಳಿಸಿ ಕಾಳು ತಿಂದವು. ಹೊಲಕ್ಕೆ ಹೊಲವೇ ಹಾಳಾಗಿ ರೈತರಿಗೆ ಕಂದಾಯ ಕಟ್ಟಲಾಗದ ಸ್ಥಿತಿ ಬಂದದ್ದನ್ನು ಕಣ್ಣಾರೆ ಕಂಡೆನೆಂದು ಎಲಿಯಟ್ ಬರೆದಿದ್ದಾನೆ. ರೈತರು ವಡ್ಡರನ್ನು ಕರೆಸಿದರು. ಇಷ್ಟು ಡಜನ್ ಇಲಿಗೆ ಒಂದು ಅಳತೆ ಕಾಳು ಎಂದು ಕೂಲಿ ಗೊತ್ತು ಮಾಡಿದರು. ವಡ್ಡರು ಸಾವಿರ ಸಾವಿರವಾಗಿ ಕೊಂದರೂ ಇಲಿ ಕಡಿಮೆಯಾದದ್ದು ಕಾಣಲಿಲ್ಲ.

ಇಲಿ ಹೆಚ್ಚಾಗಲು ಮಳೆ ಹೆಚ್ಚಾಗಬೇಕು, ಹುಲ್ಲು ಕಾಳು ಸಮೃದ್ಧವಾಗಬೇಕು ಎಂದು ಯಾರಾದರೂ ಊಹಿಸಿಯಾರು. ಇಲ್ಲಿ ಆದದ್ದು ಅದಕ್ಕೆ ತಿರುಗುಮುರುಗು: ಮಳೆ ಕೊಟ್ಟ ಪೆಟ್ಟು ತಪ್ಪಿತು, ಬಿರುಕು ಮುಚ್ಚಲಿಲ್ಲ, ಸಾಯಬೇಕಾದದ್ದು ಉಳಿಯಿತು. ಎರೆ ಮಣ್ಣಿನ ನಡತೆ, ಒಂದು ಇಲಿಯ ನಡತೆ, ಮಳೆಯ ಹೊತ್ತು, ಇವು ಮೂರನ್ನೂ ಕೂಡಿಸಿ ನೋಡಿದಾಗ ಮಾತ್ರ ಬಿಡಿಸಿಕೊಳ್ಳುವ ಗಂಟು ಇದು. ಕೊಕ್ಕು ಮತ್ತು ಮೆಟ್ಟಡೆಯನ್ನು ಒಂದೇ ಎಂದು ತಿಳಿದಿದ್ದರೆ ಇದು ಬಿಡಿಸಿಕೊಳ್ಳುತ್ತಲೇ ಇರಲಿಲ್ಲ, ಏಕೆಂದರೆ ಕೊಕ್ಕು ಮಳೆಗೆ ಮನೆ ಬದಲಿಸುತ್ತದೆ, ಮೆಟ್ಟಡೆ ಮಳೆಗೆ ಮನೆಯಲ್ಲೇ ಹೂತುಹೋಗುತ್ತದೆ. ಜೀವಿಯನ್ನು ಸರಿಯಾಗಿ ಗುರುತಿಸುವುದು ಎಷ್ಟು ಮುಖ್ಯವೆಂದು ಮಕ್ಕಳಿಗೆ ಹೇಳಬೇಕಾದಾಗ ನಾನು ಹೇಳುವುದು ಈ 1826ರ ಕತೆಯನ್ನೇ.

ದೇವರಗುಡ್ಡದಲ್ಲಿ ದಸರೆಗೆ ಕಾರಣಿಕ ಕೇಳಲು ಜನ ಸೇರುತ್ತಾರಲ್ಲ, ಅವರ ಮುಖ ನೋಡಿದವರಿಗೆ ಗೊತ್ತು. ಗೊರವಯ್ಯ ಬಿಲ್ಲನ್ನೇರಿ ಒಂದು ಮಾತು ನುಡಿಯುವ ತನಕ ಅಷ್ಟು ಜನಸ್ತೋಮದಲ್ಲಿ ಉಸಿರಿನ ಸದ್ದೂ ಇರುವುದಿಲ್ಲ. ಆಮೇಲೆ ಎಲ್ಲರೂ ಆ ಮಾತನ್ನು ಮಳೆಗೆ, ಬೆಳೆಗೆ ಹೊಂದಿಸಿ ಅರ್ಥ ಮಾಡುತ್ತಾರೆ. ಮುಂಗಾರಿ ಕಟಾವು, ಹಿಂಗಾರಿ ಬಿತ್ತನೆ ಎರಡೂ ತಲೆಯ ಮೇಲಿರುವ ಹೊತ್ತು ಅದು. ಮಳೆ ಯಾವಾಗ ಬಂತು, ಯಾವಾಗ ತಪ್ಪಿತು ಎಂಬುದರಲ್ಲಿ ಇಡೀ ವರ್ಷದ ಬದುಕು ನಿಂತಿರುವ ನಾಡಿನಲ್ಲಿ ಒಂದು ಇಲಿಯ ಸಾವು ಬದುಕು ಕೂಡ ಅದೇ ಲೆಕ್ಕಕ್ಕೆ ಸೇರಿತ್ತು.

ಈಗ ಲಂಡನ್ನಿಗೆ ಹೋಗೋಣ. ಎಲಿಯಟ್ ಕೊಟ್ಟ ಮಾದರಿಗಳು ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಎಡ್ವರ್ಡ್ ಗ್ರೇ ಎಂಬ ಪ್ರಾಣಿಶಾಸ್ತ್ರಜ್ಞನ ಕೈಸೇರಿದವು. 1837ರಲ್ಲಿ, ಎಲಿಯಟ್‌ನ ಪಟ್ಟಿ ಅಚ್ಚಾಗುವ ಮೊದಲೇ, ಗ್ರೇ ಅವುಗಳಿಗೆ ಲ್ಯಾಟಿನ್ ನಿಯಮದ ಹೆಸರು ಕೊಟ್ಟ. ಗುಲಂದಿ ‘ಗೊಲುಂಡ ಎಲಿಯಟಿ’ ಆಯಿತು. ಮೆಟ್ಟಡೆಯ ಹೆಸರಲ್ಲಿ ಒಂದು ಅಕ್ಷರ ಬದಲಾಗಿ ‘ಮೆಲ್ಟಡ’ ಎಂದು ಅಚ್ಚಾಯಿತು, ಇಂದಿಗೂ ಹಾಗೆಯೇ ಇದೆ. ‘ಕೊಕ್’ ಇನ್ನೊಂದು ಜಾತಿಯ ಹೆಸರಾಯಿತು. ‘ಲೆಗ್ಗಡ’ ಒಂದು ಕುಲದ ಹೆಸರೇ ಆಯಿತು. ಇವುಗಳಲ್ಲಿ ಮೆಲ್ಟಡದ ಮೂಲ ನೆಲೆ ಎಂದು ಇಂದಿಗೂ ಜಗತ್ತಿನ ಪುಸ್ತಕಗಳಲ್ಲಿರುವುದು ಧಾರವಾಡ.

ಮ್ಯೂಸಿಯಮ್ಮಿನವರ ಕೆಲಸವನ್ನು ನಾನು ಕೀಳು ಮಾಡುವವಳಲ್ಲ. ಅವರ ಮೇಜಿನ ಮೇಲೆ ಬಂದದ್ದು ಒಣಗಿದ ಚರ್ಮ ಮತ್ತು ತಲೆಬುರುಡೆ. ಅದರಿಂದ ಅವರು ತೆಗೆದ ಗುರುತುಗಳು ಗಟ್ಟಿಯಾದವು. ಗುಲಂದಿಯ ಮೇಲಿನ ಬಾಚಿಹಲ್ಲುಗಳಲ್ಲಿ ಉದ್ದಕ್ಕೆ ಗೀರು ಇರುತ್ತದೆ; ಕೊಕ್ಕು, ಮೆಟ್ಟಡೆ, ಲೆಗ್ಗಡೆಗಳಿಗೆ ಅದಿಲ್ಲ. ಮೆಟ್ಟಡೆಯ ಹಿಂಗಾಲಿನ ಅಡಿಯಲ್ಲಿರುವ ಉಬ್ಬುಗಳು ಉಳಿದ ಇಲಿಗಳಿಗಿಂತ ಕಡಿಮೆ. ಇವನ್ನು ಹೊಲದಲ್ಲಿ ಯಾರೂ ನೋಡಿರಲಿಲ್ಲ. ಆದರೆ ಚರ್ಮ ಮತ್ತು ಬುರುಡೆಯಲ್ಲಿ ಹರಳಿನ ಬಾಗಿಲು ಇಲ್ಲ, ಬಿರುಕಿನ ಮನೆ ಇಲ್ಲ, ಜೋಳದ ತೆನೆ ಕೂಡಿಟ್ಟ ಉಗ್ರಾಣ ಇಲ್ಲ. ಎರಡೂ ಕಡೆಯ ಅರಿವು ಒಂದೇ ಹಾಳೆಯ ಮೇಲೆ ಬಂದದ್ದರಿಂದ ಧಾರವಾಡ ಸೀಮೆಯ ಇಲಿಗಳು ಅಷ್ಟು ಬೇಗ ಜಗತ್ತಿಗೆ ಪರಿಚಯವಾದವು.

ಇದೇ ಮಾತಿಗೆ ಪಿಯುಸಿ ಪುಸ್ತಕದ ಇನ್ನೊಂದು ಪುಟ ತೆಗೆಯುತ್ತೇನೆ. ಪ್ರಾಣಿವರ್ಗಗಳ ಪಾಠದಲ್ಲಿ ಟೀನೋಫೊರ ಎಂಬ ವಂಶ ಬರುತ್ತದೆ. ಸಮುದ್ರದ ಬಾಚಣಿಗೆ ಲೋಳೆಗಳು. ನಮ್ಮ ಮಕ್ಕಳಲ್ಲಿ ಸಮುದ್ರ ಕಂಡವರೇ ಕಡಿಮೆ. “ಅಕ್ಕೋರ, ಇದನ್ನ ಹೆಂಗ ಗುರುತು ಹಿಡಿತಾರ್ರಿ, ನೀರಿನ್ಹಂಗ ಐತೆಲ್ಲ” ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಗಾಜಿನಂಥ ಮೈ, ಮೈಯುದ್ದಕ್ಕೆ ಎಂಟು ಸಾಲು ಸಣ್ಣ ಬಾಚಣಿಗೆಗಳು. ಅವನ್ನು ಬಡಿಯುತ್ತ ಈಜುವಾಗ ಬೆಳಕು ಚದುರಿ ಸಾಲುಗಳ ಮೇಲೆ ಕಾಮನಬಿಲ್ಲಿನ ಬಣ್ಣ ಓಡುತ್ತದೆ. ಎತ್ತಿ ಬಲೆಗೆ ಹಾಕಿದರೆ ಹರಿದುಹೋಗುತ್ತದೆ. ಫಾರ್ಮಲಿನ್ನಿನಲ್ಲಿಟ್ಟರೆ ಹಲವು ಜಾತಿಗಳು ಕರಗಿಯೇ ಹೋಗುತ್ತವೆ. ಮ್ಯೂಸಿಯಮ್ಮಿನ ಸೀಸೆಗೆ ಸಿಗದ ಜೀವಿ.

ಅದನ್ನು ಮೊದಲು ಬರೆದಿಟ್ಟವನು ವಿಶ್ವವಿದ್ಯಾಲಯದವನಲ್ಲ. 1671ರಲ್ಲಿ ತಿಮಿಂಗಿಲ ಬೇಟೆಯ ಹಡಗಿನಲ್ಲಿ ಉತ್ತರ ಧ್ರುವದ ಕಡೆಯ ಸ್ಪಿಟ್ಸ್‌ಬರ್ಗನ್ನಿಗೆ ಹೋದ ಹ್ಯಾಂಬರ್ಗಿನ ಫ್ರೀಡ್ರಿಕ್ ಮಾರ್ಟೆನ್ಸ್. ಹಡಗಿನವರ ಗಾಯಕ್ಕೆ ಪಟ್ಟಿ ಕಟ್ಟುವುದು ಅವನ ಕೆಲಸ. ನೀರಿನಲ್ಲಿ ಬದುಕಿರುವಾಗಲೇ ನೋಡಿ ಚಿತ್ರ ಬರೆದ. 1675ರ ಅವನ ಪುಸ್ತಕದಲ್ಲಿ ಅದು ಬಂತು. ಒಂದು ಶತಮಾನದ ಮೇಲೆ ಒಟ್ಟೊ ಫಾಬ್ರಿಸಿಯಸ್ ಎಂಬ ಡೆನ್ಮಾರ್ಕಿನ ಪಾದ್ರಿ 1768ರಿಂದ 1773ರ ತನಕ ಗ್ರೀನ್‌ಲ್ಯಾಂಡಿನಲ್ಲಿದ್ದ. ಅಲ್ಲಿನವರ ಜೊತೆ ಅವರ ಚರ್ಮದ ದೋಣಿ ಹತ್ತಿ ಸೀಲ್ ಬೇಟೆ ಕಲಿತ, ಅವರ ಮಾತು ಕಲಿತ. ಕೈಯಲ್ಲಿದ್ದ ಪುಸ್ತಕ ಬಹಳ ಕಡಿಮೆ. 1780ರಲ್ಲಿ ಅವನು ಹೊರತಂದ ಗ್ರೀನ್‌ಲ್ಯಾಂಡಿನ ಪ್ರಾಣಿಗಳ ಗ್ರಂಥದಲ್ಲಿ ಲ್ಯಾಟಿನ್ ಹೆಸರುಗಳ ಜೊತೆ ಗ್ರೀನ್‌ಲ್ಯಾಂಡಿನವರ ಹೆಸರುಗಳೂ ಇವೆ. ಉತ್ತರ ಧ್ರುವದ ನೀರಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಬಾಚಣಿಗೆ ಲೋಳೆ, ಇಂದು ‘ಮೆರ್ಟೆನ್ಸಿಯ ಓವಮ್’ ಎನ್ನುವ ಮೊಟ್ಟೆಯಾಕಾರದ್ದು, ಅವನು ಆ ಗ್ರಂಥದಲ್ಲಿ ಗುರುತಿಸಿದ್ದೇ.

ಹಿಮದ ನಾಡಿನ ಪಾದ್ರಿಗೂ ನಮ್ಮ ಎರೆನಾಡಿನ ಕಂಪನಿ ನೌಕರನಿಗೂ ನಡುವೆ ಅರವತ್ತು ವರ್ಷ, ಅರ್ಧ ಭೂಮಿ. ಇಬ್ಬರ ಪುಸ್ತಕದ ತಲೆಬರಹದಲ್ಲೂ ಅಲ್ಲಿನ ಜನರು ಹೇಳುವ ಹೆಸರುಗಳನ್ನು ಕೊಟ್ಟಿದ್ದೇವೆ ಎಂಬ ಮಾತಿದೆ. ಅಪರಿಚಿತ ಜೀವಿಯನ್ನು ಅದರ ನೆರೆಯವರ ಮೂಲಕ ತಿಳಿಯುವ ದಾರಿ ಅದು. ಆ ದಾರಿ ಹಳತಾಗಿಲ್ಲ. 2015ರಲ್ಲಿ ಪೋರ್ಟೊ ರಿಕೊ ಬಳಿಯ ಆಳ ಸಮುದ್ರದಲ್ಲಿ ಅಮೆರಿಕದ ಸರಕಾರಿ ಸಮುದ್ರ ಸಂಸ್ಥೆಯ ದೂರನಿಯಂತ್ರಿತ ಯಂತ್ರ ಒಂದು ಹೊಸ ಬಾಚಣಿಗೆ ಲೋಳೆಯ ವಿಡಿಯೊ ತೆಗೆಯಿತು. 2020ರಲ್ಲಿ ಅದಕ್ಕೆ ‘ಡುವೊಬ್ರಾಕಿಯಮ್ ಸ್ಪಾರ್ಕ್ಸೆ’ ಎಂದು ಹೆಸರಿಟ್ಟದ್ದು ವಿಡಿಯೊ ಒಂದರ ಆಧಾರದ ಮೇಲೆ, ಕೈಯಲ್ಲಿ ಮಾದರಿಯೇ ಇಲ್ಲದೆ. ಬದುಕಿರುವ ಜೀವಿ ಹೇಗೆ ಇರುತ್ತದೆ, ಹೇಗೆ ಚಲಿಸುತ್ತದೆ ಎಂಬುದೇ ಅದರ ಗುರುತಾಯಿತು. ಬಿಲದ ಮುಂದೆ ಕುಕ್ಕರಗಾಲಲ್ಲಿ ಕೂತವರಿಗೆ ಇದು ಹೊಸ ಮಾತಲ್ಲ.

ಇಷ್ಟು ಹೇಳಿ ನನ್ನ ಮನಸ್ಸಿನ ಉರಿಯನ್ನೂ ಹೇಳಬೇಕು. ಎಲಿಯಟ್‌ನ ಇಲಿಗಳ ಭಾಗವನ್ನು ಎಷ್ಟು ಸಲ ಓದಿದರೂ ಅಲ್ಲಿ ವಡ್ಡರು ಇದ್ದಾರೆ, ಒಬ್ಬ ವಡ್ಡನ ಹೆಸರಿಲ್ಲ. ಆ ಕಾಲದ ಇಂಗ್ಲಿಷ್ ಬರಹದಲ್ಲಿ ಅವರಿಗೆ ಇದ್ದ ಇನ್ನೊಂದು ಹೆಸರು ಕೆರೆ ತೋಡು‌ವವರು. ನಮ್ಮ ಸೀಮೆಯ ಕೆರೆ, ಏರಿ, ಬಾವಿ, ಗುಡಿಯ ಕಲ್ಲುಗೆಲಸ ಎಲ್ಲದರ ಹಿಂದೆ ಅವರ ಬೆವರಿದೆ. ಮುಂದೆ ರಸ್ತೆಗೆ ಜಲ್ಲಿ ಒಡೆದವರೂ ಅವರೇ. ಗ್ರೇ ಗುಲಂದಿಗೆ ಎಲಿಯಟ್‌ನ ಹೆಸರಿಟ್ಟ. 1911ರಲ್ಲಿ ಆಲ್ಡ್‌ಫೀಲ್ಡ್ ಥಾಮಸ್ ಮೆಟ್ಟಡೆಯನ್ನು ಹೊಸ ಕುಲಕ್ಕೆ ಸೇರಿಸಿದಾಗ ಮುಂಬಯಿಯ ನಿಸರ್ಗ ಚರಿತ್ರೆ ಸಂಘದ ಕಾರ್ಯದರ್ಶಿ ಮಿಲರ್ಡ್ ಗೌರವಕ್ಕೆ ‘ಮಿಲರ್ಡಿಯ’ ಎಂದು ಕರೆದ. ಇಬ್ಬರೂ ಯೋಗ್ಯರೇ. ಆದರೆ ಆ ಇಲಿ ಬಿರುಕಿನಲ್ಲಿ ಹೂತು ಸಾಯುತ್ತದೆ ಎಂದು ಮೊದಲು ತೋರಿಸಿದ ಮನುಷ್ಯನಿಗೆ ಒಂದು ಸಾಲೂ ಇಲ್ಲ. ಅಪ್ಪ ಆ ಹಿರಿಯರಿಗೆ ಸಿಕ್ಕ ಕಾಳಿನಲ್ಲಿ ಪಾಲು ಕೇಳುತ್ತಿರಲಿಲ್ಲ, ಅದೊಂದೇ ಸಮಾಧಾನ.

ಮುಂದಿನ ಕತೆಯನ್ನು ಬೇಗ ಮುಗಿಸುತ್ತೇನೆ. 1876-78ರ ಭೀಕರ ಬರದ ಬೆನ್ನಿಗೇ, 1878-79ರಲ್ಲಿ, ದಖ್ಖನಿನ ಹೊಲಗಳಿಗೆ ಇಲಿಗಳ ಹಾವಳಿ ಮತ್ತೆ ಬಂತು. ಬರದಲ್ಲಿ ಬದುಕುಳಿದವರ ಮೊದಲ ಬೆಳೆಯನ್ನೂ ಇಲಿ ತಿಂದಿತು. ಕೊಕ್ಕು ಪ್ರತ್ಯೇಕ ಜಾತಿಯಲ್ಲ, ಬಂಗಾಳದಲ್ಲಿ ಮೊದಲೇ ಹೆಸರಾದ ಸಣ್ಣ ಹೆಗ್ಗಣವೇ ಎಂದು ಆಮೇಲೆ ತೀರ್ಮಾನವಾಯಿತು. ಲೆಗ್ಗಡ ಎಂಬ ಕುಲನಾಮವೂ ಬಳಕೆಯಿಂದ ಹೋಯಿತು; ಅದರ ಸುಂಡಿಲಿಗಳನ್ನೆಲ್ಲ ಮನೆಯ ಸುಂಡಿಲಿಯ ಕುಲಕ್ಕೆ ಸೇರಿಸಿದರು. ಉಳಿದದ್ದು ಗೊಲುಂಡ ಮತ್ತು ಮೆಲ್ಟಡ. ಪ್ರಪಂಚದ ಯಾವ ಮೂಲೆಯ ವಿಜ್ಞಾನಿ ಈ ಇಲಿಗಳ ಬಗ್ಗೆ ಬರೆದರೂ ಆ ಎರಡು ಹೆಸರು ಬರೆಯಲೇಬೇಕು.

ಹೊಲವೂ ಬದಲಾಗಿದೆ. ಜೋಳದ ಜಾಗವನ್ನು ಬಹುಪಾಲು ಗೋವಿನಜೋಳ ತೆಗೆದುಕೊಂಡಿದೆ. ಕೊಳವೆಬಾವಿ ನೀರು ಹಾಯಿಸಿದ ಎರೆ ಮೊದಲಿನಷ್ಟು ಬಾಯಿ ಬಿಡುವುದಿಲ್ಲ. ಇಲಿಗೆ ಈಗ ಪಾಷಾಣ. ಕಪ್ಪು ಪುಡಿಯನ್ನು ನುಚ್ಚಿಗೆ ಎಣ್ಣೆ ಸೇರಿಸಿ ಕಲಸಿ ಬಿಲದ ಬಾಯಿಗೆ ಇಡುತ್ತಾರೆ. ಯಾವ ಬಿಲ, ಯಾವ ಇಲಿ ಎಂದು ಕೇಳುವುದಿಲ್ಲ. ಹಾಗೆ ಇಡುವಾಗ ಬೆಳೆಗೆ ಏನೂ ಮಾಡದ ಲೆಗ್ಗಡೆಯ ಹರಳಿನ ಬಾಗಿಲಿಗೂ ಒಂದು ಚಿಟಿಕೆ ಬೀಳುತ್ತದೆ. ಸತ್ತದ್ದನ್ನು ತಿಂದ ಗೂಬೆ, ನಾಯಿ ಸಾಯುವುದೂ ಉಂಟು. ಕೊಕ್ಕಿನ ಬಿಲಕ್ಕೆ ಮಾತ್ರ ಇಟ್ಟರೆ ಪಾಷಾಣವೂ ಉಳಿದೀತು, ಬೆಳೆಯೂ ಉಳಿದೀತು ಎಂದು ಊರಿನ ರೈತರಿಗೆ ನಾನು ಹೇಳುತ್ತಲೇ ಇದ್ದೇನೆ. ಬಾಯಿಯಲ್ಲಿ ಹೊಸ ಮಣ್ಣಿನ ಗುಪ್ಪೆ ಇದ್ದರೆ ಇಡಿ, ಹರಳಿದ್ದರೆ ಬಿಡಿ. ಇದಕ್ಕೆ ಮೈಕ್ರೋಸ್ಕೋಪು ಬೇಡ. ಕೆಲವರು ಕೇಳುತ್ತಾರೆ.

ಕಾಲೇಜಿನಲ್ಲಿದ್ದಾಗ ಮಕ್ಕಳ ಪ್ರಾಕ್ಟಿಕಲ್ ರೆಕಾರ್ಡಿಗೆ ನಾನೊಂದು ಪುಟ ಸೇರಿಸಿದ್ದೆ, ಸಿಲೆಬಸ್ಸಿನಲ್ಲಿ ಇಲ್ಲದ್ದು. ರಜೆಯಲ್ಲಿ ಊರಿಗೆ ಹೋದಾಗ ಹೊಲದಲ್ಲಿ ಕಂಡ ಒಂದು ಜೀವಿಯನ್ನು ಬರೆಯಬೇಕು. ಮಣ್ಣು ಯಾವುದು, ತಾರೀಖು ಯಾವುದು, ಬಿಲ ಇದ್ದರೆ ಅದರ ಬಾಯಿ ಹೇಗಿತ್ತು, ಗುಡಿಯಾಗಲಿ ಒಡ್ಡಾಗಲಿ ಹತ್ತಿರದ ಗುರುತು ಏನು. ಕೊನೆಯ ಕಲಮು: ಇದನ್ನು ತೋರಿಸಿದವರು ಯಾರು, ಅವರ ಹೆಸರು, ಊರು, ಅವರು ಇದನ್ನು ಏನೆಂದು ಕರೆದರು. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಇರಲಿಲ್ಲ. ಆದರೂ ಆ ಕಲಮನ್ನು ಖಾಲಿ ಬಿಟ್ಟು ತಂದ ರೆಕಾರ್ಡಿಗೆ ನಾನು ಸಹಿ ಹಾಕುತ್ತಿರಲಿಲ್ಲ. ನನ್ನ ಜಾಗಕ್ಕೆ ಬಂದ ಉಪನ್ಯಾಸಕಿಗೂ ಆ ಪುಟವನ್ನು ಹಾಗೆಯೇ ಕೊಟ್ಟಿದ್ದೇನೆ. ಅದರ ಜೊತೆಗೆ ಎಲಿಯಟ್‌ನ ನಾಲ್ಕು ಇಲಿಗಳ ವಿವರವನ್ನು ಕನ್ನಡದಲ್ಲಿ ಬರೆದು, ಯಾವುದು ಎರೆಯದು, ಯಾವುದು ಮಸಾರಿಯದು, ಯಾವುದು ಪೊದೆಯದು ಎಂದು ಗುರುತು ಮಾಡಿ ಅಂಟಿಸಿದ್ದೇನೆ. ಹಿಂಗಾರಿ ಜೋಳ ಕಿತ್ತ ಮೇಲೆ ಮಕ್ಕಳನ್ನು ಭೋವಿ ಓಣಿಯ ಹಿರಿಯರ ಜೊತೆ ಹೊಲಕ್ಕೆ ಕಳಿಸುವುದಾಗಿ ಆಕೆ ಒಪ್ಪಿದ್ದಾಳೆ.